ಕುಡ್ಲದಿಂದ ಕೌಲಾಲಂಪುರಕ್ಕೆ: ನಮ್ಮ ಮನೆಯ ಒಂದು ಬಜೆಟ್

ನಮ್ಮ ಮಂಗಳೂರಿನಲ್ಲಿ ವಿದೇಶ ಎಂದರೆ ದುಡಿಯಲು ಹೋಗುವ ಜಾಗ. ಕೂಳೂರಿನ ನಮ್ಮ ರಸ್ತೆಯಲ್ಲಿ ದುಬೈ, ದಮ್ಮಾಮ್, ದೋಹಾ ಎಂಬ ಹೆಸರುಗಳು ಹಂಪನಕಟ್ಟೆಯಷ್ಟೇ ಪರಿಚಿತ. ಆದರೆ ಅಲ್ಲಿಗೆ ಹೋಗುವುದು ಮನೆಯ ಒಬ್ಬರು ಮಾತ್ರ. ಉಳಿದವರು ಬಜ್ಪೆ ವಿಮಾನ ನಿಲ್ದಾಣದವರೆಗೆ ಹೋಗಿ ಬೀಳ್ಕೊಟ್ಟು ಬರುತ್ತಾರೆ. ಮನೆಮಂದಿಯೆಲ್ಲ ಸೇರಿ ಸುಮ್ಮನೆ ನೋಡಿಬರಲು ವಿದೇಶಕ್ಕೆ ಹೋಗುವುದು ಶ್ರೀಮಂತರ ಸಂಗತಿ ಎಂದೇ ಎಲ್ಲರೂ ಹೇಳುತ್ತಾರೆ. ಇದು ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡುವ ಅವಕಾಶ ಈ ವರ್ಷ ನನಗೆ ಸಿಕ್ಕಿತು.

ನನ್ನ ಭಾಯಿಗೆ ದಮ್ಮಾಮ್‌ನಲ್ಲಿ ಕೆಲಸ ಸಿಕ್ಕಿದೆ. ಜುಲೈಯಲ್ಲಿ ಹೋದರೆ ಎರಡು ವರ್ಷದ ಕರಾರು. "ಅವನು ಹೋಗುವ ಮೊದಲು ನಾಲ್ವರೂ ಒಮ್ಮೆ ಎಲ್ಲಿಗಾದರೂ ಹೋಗಿ ಬರೋಣ" ಎಂದು ಅಮ್ಮಿ ಹೇಳಿದರು. ಇದುವರೆಗೆ ನಾವು ನಾಲ್ವರೂ ಒಟ್ಟಿಗೆ ಹೋಗಿರುವುದು ಶಿವಮೊಗ್ಗದ ಖಾಲಾ ಮನೆಗೆ ಮಾತ್ರ. ಅಮ್ಮಿ ಹೊಲಿಗೆಯ ಹಣದಲ್ಲಿ ಒಂದು ಲಕ್ಷದ ಚೀಟಿ ಕಟ್ಟುತ್ತಿದ್ದಾರೆ. ಅವಸರವಿದ್ದವರು ಕಡಿಮೆ ಮೊತ್ತಕ್ಕೆ ಚೀಟಿ ಎತ್ತುತ್ತಾರೆ. ಅಮ್ಮಿ ಮಾತ್ರ ಕೊನೆಯ ಕಂತಿನವರೆಗೆ ಕಾದಿದ್ದಾರೆ. ಆ ಹಣ ಏಪ್ರಿಲ್‌ನಲ್ಲಿ ಕೈಗೆ ಬರುತ್ತದೆ. ಕಾಮರ್ಸ್ ಓದುತ್ತಿರುವವಳು ನಾನೇ ಆದ್ದರಿಂದ ಬಜೆಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಊರು ಆರಿಸುವುದು ಕಷ್ಟವಾಗಲಿಲ್ಲ. ಸಿಂಗಾಪುರಕ್ಕೆ ವೀಸಾ ಬೇಕು, ಹೋಟೆಲ್ ಬಾಡಿಗೆಯೂ ಜಾಸ್ತಿ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಬೇಡವೆಂದು ಮಾಡಿದೆ. ಈ ಸೌಲಭ್ಯವನ್ನು 2026ರ ಕೊನೆಯವರೆಗೆ ವಿಸ್ತರಿಸಿದೆ. ಹಲಾಲ್ ಊಟಕ್ಕಾಗಿ ಹುಡುಕಾಡಬೇಕಾಗಿಲ್ಲ. ಹಾಗಾಗಿ ಕೌಲಾಲಂಪುರ ಎಂದು ನಿಶ್ಚಯವಾಯಿತು. ಅಬ್ಬಾ ಟ್ಯಾಂಕರ್ ಓಡಿಸುತ್ತಾರೆ. ಮಲೇಷ್ಯಾದ ತಾಳೆಎಣ್ಣೆ ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬರುತ್ತದೆ. "ಅಲ್ಲಿನ ಎಣ್ಣೆ ಎಷ್ಟೋ ವರ್ಷದಿಂದ ನಮ್ಮ ಕೂಳೂರು ಸೇತುವೆ ದಾಟುತ್ತಿದೆ. ನಾವು ಆ ಕಡೆ ಹೋಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ" ಎಂದರು.

ಓದುತ್ತಾ ಹೋದಂತೆ ಆ ಊರು ನಮ್ಮೂರಿಗೆ ಹತ್ತಿರದ್ದು ಅನ್ನಿಸತೊಡಗಿತು. ತುಳುವಿನಲ್ಲಿ ಮಂಗಳೂರಿನ ಹೆಸರು ಕುಡ್ಲ, ಅಂದರೆ ಕೂಡುವ ಜಾಗ. ನಮ್ಮ ಕೂಳೂರನ್ನು ದಾಟಿ ಹೋಗುವ ಫಲ್ಗುಣಿ ಬೆಂಗ್ರೆಯ ಬಳಿ ನೇತ್ರಾವತಿಯನ್ನು ಸೇರುತ್ತದೆ. ಕೌಲಾಲಂಪುರ ಎಂದರೂ ಮಲಯ ಭಾಷೆಯಲ್ಲಿ ಕೆಸರಿನ ಸಂಗಮ ಎಂದೇ ಅರ್ಥ. ಅಲ್ಲಿ ಗೊಂಬಾಕ್ ಮತ್ತು ಕ್ಲಾಂಗ್ ನದಿಗಳು ಕೂಡುತ್ತವೆ. ಅವು ಕೂಡುವಲ್ಲಿಯೇ 1909ರಲ್ಲಿ ಕಟ್ಟಿದ ಜಾಮೆಕ್ ಮಸೀದಿ ಇದೆ. ಭಾಷೆಯೂ ಪೂರ್ತಿ ಹೊಸದಲ್ಲ. ದುನಿಯಾ, ಕಿತಾಬ್, ಸೆಲಾಮತ್ ಎಂಬ ಅವರ ಮಾತುಗಳು ಉರ್ದು ಮಾತಾಡುವ ಅಮ್ಮಿಗೆ ತಕ್ಷಣ ತಿಳಿದವು. ಬಹಾಸಾ, ನಾಮಾ, ಗುರು ಎಂಬವು ಕನ್ನಡ ಓದುವ ನನಗೆ ತಿಳಿದವು.

ಇನ್ನು ಲೆಕ್ಕ. ನಾವು ನೋಡಿದ ದಿನಗಳಲ್ಲಿ ಮಂಗಳೂರಿನಿಂದ ನೇರ ವಿಮಾನ ಇರಲಿಲ್ಲ. ಆದ್ದರಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುವುದು ಎಂದು ಇಟ್ಟುಕೊಂಡೆವು. ಬಕ್ರೀದ್ ಮೇ ಕೊನೆಗೆ ಬರುವುದರಿಂದ ಮೇ ಮೊದಲ ವಾರ, ನಾಲ್ಕು ರಾತ್ರಿ ಐದು ಹಗಲು. ಒಂದು ರಿಂಗಿಟ್‌ಗೆ 20 ರೂಪಾಯಿ ಎಂದು ಹಿಡಿದು ನಾಲ್ವರಿಗೆ ಮಾಡಿದ ಪಟ್ಟಿ ಹೀಗಿದೆ:

ಮೂರು ಹೊಸ ಪಾಸ್‌ಪೋರ್ಟ್ – 4,500
ಬೆಂಗಳೂರಿನ ರೈಲು ಮತ್ತು ವಿಮಾನ ನಿಲ್ದಾಣದ ಬಸ್ಸು – 6,000
ವಿಮಾನ, ಹೋಗಿ ಬರಲು – 68,000
ಹೋಟೆಲ್, ಒಂದೇ ಕೋಣೆ – 14,000
ಊಟ ತಿಂಡಿ – 16,000
ಅಲ್ಲಿನ ಬಸ್ಸು, ರೈಲು – 6,400
ವಿಮೆ, ಸಿಮ್ – 4,000
ತುರ್ತು ಖರ್ಚಿಗೆ – 10,000
ಒಟ್ಟು – 1,28,900 ರೂಪಾಯಿ

ಪಟ್ಟಿ ಮಾಡುವಾಗ ಕಲಿತ ಕೆಲವು ವಿಷಯಗಳು ನಿಮಗೂ ಉಪಯೋಗಕ್ಕೆ ಬರಬಹುದು. 18 ತುಂಬದವರಿಗೆ ಪಾಸ್‌ಪೋರ್ಟ್ ಶುಲ್ಕ 1,000 ರೂಪಾಯಿ. ಆದರೆ ಆ ಪಾಸ್‌ಪೋರ್ಟ್ ಐದು ವರ್ಷಕ್ಕೆ ಅಥವಾ 18 ತುಂಬುತ್ತಲೇ, ಯಾವುದು ಮೊದಲೋ ಆಗ ಮುಗಿಯುತ್ತದೆ. 15 ದಾಟಿದವರು 1,500 ಕೊಟ್ಟು ಹತ್ತು ವರ್ಷದ್ದನ್ನೇ ಪಡೆಯಬಹುದು. ನಮ್ಮ ವಯಸ್ಸಿನವರಿಗೆ ಅದೇ ಲಾಭ. ಕಡಿಮೆ ದರದ ವಿಮಾನ ಟಿಕೆಟ್‌ನಲ್ಲಿ ಕೈಚೀಲ ಮಾತ್ರ ಸೇರಿರುತ್ತದೆ, ದೊಡ್ಡ ಪೆಟ್ಟಿಗೆಗೆ ಬೇರೆ ಹಣ. ಮಲೇಷ್ಯಾದಲ್ಲಿ ಹೊರದೇಶದವರು ಹೋಟೆಲ್ ಕೋಣೆಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಕೊಡಬೇಕು. ಬುಕಿಂಗ್ ದರದಲ್ಲಿ ಅದು ಹೆಚ್ಚಾಗಿ ಕಾಣುವುದಿಲ್ಲ. ಹೊರಡುವ ಮುಂಚಿನ ಮೂರು ದಿನಗಳಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅದು ಉಚಿತ. ಅಲ್ಲಿನ ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ರೂಪಾಯಿಯೋ ರಿಂಗಿಟ್ಟೋ ಎಂದು ಯಂತ್ರ ಕೇಳಿದರೆ ರಿಂಗಿಟ್ ಎನ್ನಬೇಕು. ರೂಪಾಯಿ ಎಂದರೆ ವಿನಿಮಯ ದರದಲ್ಲಿ ನಮಗೇ ನಷ್ಟ. ಏಜೆನ್ಸಿಯ ಪ್ಯಾಕೇಜ್ ಕೊಂಡರೆ ಅದರ ಮೇಲೆ ಟಿಸಿಎಸ್ ವಸೂಲಾಗುತ್ತದೆ. ಅದು ಪ್ಯಾನ್ ಖಾತೆಗೆ ಜಮೆಯಾಗಿ, ರಿಟರ್ನ್ ಸಲ್ಲಿಸಿದಾಗ ಹಿಂದೆ ಸಿಗುತ್ತದೆ ನಿಜ. ಆದರೆ ಹೊರಡುವ ದಿನ ಆ ಹಣ ನಮ್ಮ ಕೈಯಲ್ಲಿ ಇರುವುದಿಲ್ಲ.

ಚೀಟಿಯ ಒಂದು ಲಕ್ಷ ಕಳೆದರೆ 28,900 ಕೊರತೆ. ಎಲ್ಲಿ ಕಡಿತ ಮಾಡುವುದು ಎಂಬ ಚರ್ಚೆ ಮೂರು ರಾತ್ರಿ ನಡೆಯಿತು. 452 ಮೀಟರ್ ಎತ್ತರದ ಪೆಟ್ರೋನಾಸ್ ಅವಳಿ ಗೋಪುರದ ಮೇಲೆ ಹತ್ತುವ ಟಿಕೆಟ್ ಮೊದಲು ಹೋಯಿತು. "ಕೆಳಗಿನ ಪಾರ್ಕಿನಿಂದ ನೋಡಿದರೂ ಅದು ಅಷ್ಟೇ ಎತ್ತರ" ಎಂದರು ಅಬ್ಬಾ. ವಿಮಾನ ನಿಲ್ದಾಣದಿಂದ ಊರಿಗೆ ವೇಗದ ರೈಲಿನ ಟಿಕೆಟ್ 55 ರಿಂಗಿಟ್, ಬಸ್ಸಿಗೆ ಅದರ ಮೂರನೇ ಒಂದು ಪಾಲೂ ಇಲ್ಲ. ಬಸ್ಸೇ ಆಯಿತು. ಆಮೇಲೆ ಭಾಯಿ, "ಸಣ್ಣ ರೈಸ್ ಕುಕ್ಕರ್ ಒಯ್ದರೆ ಊಟದ ಖರ್ಚು ಅರ್ಧ ಆಗುತ್ತದೆ" ಎಂದ. ಅಮ್ಮಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದರು: "ಹಾಗಾದರೆ ಕುಕ್ಕರ್ ಬರಲಿ, ನಾನು ಇಲ್ಲೇ ಇರುತ್ತೇನೆ."

ಆ ಮಾತಿನ ನಂತರ ನಾನು ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದೆ: ಯಾರಿಗೆ ಏನು ಬೇಕು? ಅಬ್ಬಾಗೆ ಚಾಲಕನಿಲ್ಲದೆ ಓಡುವ ಕೆಲಾನಾ ಜಯಾ ಮಾರ್ಗದ ರೈಲಿನಲ್ಲಿ ಎಲ್ಲರಿಗಿಂತ ಮುಂದೆ ಕುಳಿತುಕೊಳ್ಳಬೇಕು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವರ ಆಸೆ ಅದು. ಭಾಯಿಗೆ ಬಾತು ಗುಹೆಗಳ 272 ಮೆಟ್ಟಿಲು ಹತ್ತಬೇಕು. ನನಗೆ ನದಿಗಳು ಕೂಡುವ ಜಾಗ ನೋಡಬೇಕು. ಅಮ್ಮಿಗೆ ಐದು ದಿನ ಬೇರೆಯವರು ಮಾಡಿದ ಅಡುಗೆಯನ್ನು ಕುಳಿತು ತಿನ್ನಬೇಕು, ಅಷ್ಟೇ. ಅಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಗಳಲ್ಲಿ ನಮ್ಮ ಪರೋಟದಂಥ ರೋಟಿ ಚನಾಯ್, ಎತ್ತರದಿಂದ ಸುರಿದು ನೊರೆ ಬರಿಸಿದ ಚಹಾ ಸಿಗುತ್ತವೆ. ನಮ್ಮ ನಾಲ್ಕು ಆಸೆಗಳಲ್ಲಿ ಯಾವುದೂ ದುಬಾರಿಯಲ್ಲ. ಊಟದ 16,000ವನ್ನು ಮುಟ್ಟಬಾರದು ಎಂದು ಅಂದೇ ತೀರ್ಮಾನವಾಯಿತು.

ವಿರೋಧವೂ ಬಂತು. "ಮಗ ದುಡಿಯಲು ಹೊರಟಿರುವಾಗ ಮನೆಯಲ್ಲಿರುವ ಹಣವನ್ನೂ ಖರ್ಚು ಮಾಡುತ್ತೀರಾ? ನಾಳೆ ಹುಡುಗಿಯ ಸಿಎ ಓದಿಗೆ ಏನು ಮಾಡುತ್ತೀರಿ?" ಎಂದು ಖಾಲಾ ಫೋನಿನಲ್ಲಿ ಕೇಳಿದರು. ಅದು ತಪ್ಪು ಮಾತಲ್ಲ. ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕು, ಬಿಟ್ಟದ್ದೇ ಆರಿಸಿದ್ದರ ಅವಕಾಶ ವೆಚ್ಚ ಎಂದು ನಾವು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಆದರೆ ಹೋಗದೆ ಇರುವುದಕ್ಕೂ ಅಂಥದೊಂದು ವೆಚ್ಚ ಇದೆ. ಹಣವನ್ನು ಇನ್ನೊಂದು ಚೀಟಿ ಕಟ್ಟಿ ಮತ್ತೆ ಕೂಡಿಸಬಹುದು. ಭಾಯಿ ಮನೆಯಲ್ಲಿರುವ ಈ ಮೇ ತಿಂಗಳನ್ನು ಮುಂದಿನ ವರ್ಷ ಯಾವ ದರಕ್ಕೂ ಕೊಳ್ಳಲಾಗದು. ನಾನು ಇದನ್ನು ಹೇಳಿದಾಗ ಅಬ್ಬಾ ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಪಾಸ್‌ಪೋರ್ಟ್ ಅರ್ಜಿಗೆ ತಮ್ಮ ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಆದರೂ ಖಾಲಾ ಮಾತಿಗೆ ಬೆಲೆ ಕೊಟ್ಟು ಒಂದು ನಿಯಮ ಮಾಡಿಕೊಂಡಿದ್ದೇವೆ: ಈ ಪ್ರವಾಸಕ್ಕೆ ಸಾಲ ಮಾಡುವಂತಿಲ್ಲ, ಚಿನ್ನ ಅಡವಿಡುವಂತಿಲ್ಲ.

ಈಗ ಭಾಯಿ ತನ್ನ ಮೊಬೈಲ್ ಅಂಗಡಿಯ ಸಂಬಳದಿಂದ 15,000 ಕೊಡುತ್ತೇನೆ ಎಂದಿದ್ದಾನೆ. ಉಳಿದ 13,900ಕ್ಕೆ ದಾರಿ ಇನ್ನೂ ಸಿಕ್ಕಿಲ್ಲ. ಸಿಗದಿದ್ದರೆ ಒಂದು ರಾತ್ರಿ ಕಡಿಮೆ ಮಾಡುತ್ತೇವೆ, ವಿಮಾನದ ದರ ಇಳಿಯುವ ವಾರದ ದಿನ ನೋಡುತ್ತೇವೆ. ಪಾಸ್‌ಪೋರ್ಟ್ ಕೈಗೆ ಬರುವ ಮೊದಲು ಟಿಕೆಟ್ ಕೊಳ್ಳುವುದಿಲ್ಲ. ರದ್ದಾದರೆ ಹಣ ಹಿಂದೆ ಬರದ ಟಿಕೆಟ್‌ಗಳು ಅವು. ಕಳೆದ ವಾರ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಮ್ಮಿ ತಮ್ಮ ಸಹಿಯನ್ನು ಉರ್ದುವಿನಲ್ಲಿ ಹಾಕಿದರು. ಅದಕ್ಕಾಗಿ ಮನೆಯಲ್ಲಿ ಒಂದು ಹಾಳೆ ತುಂಬ ಅಭ್ಯಾಸ ಮಾಡಿದ್ದರು. ಇನ್ಶಾ ಅಲ್ಲಾಹ್, ಮೇ ತಿಂಗಳಲ್ಲಿ ಹೋಗುತ್ತೇವೆ. ಗೆಳೆಯ ಗೆಳತಿಯರೇ, ನೀವೂ ನಿಮ್ಮ ಮನೆಯಲ್ಲಿ ಇಂಥದೊಂದು ಪಟ್ಟಿ ಮಾಡಿ ನೋಡಿ. ಕೌಲಾಲಂಪುರವೇ ಆಗಬೇಕಿಲ್ಲ, ಮಡಿಕೇರಿಯಾದರೂ ಸರಿ. ಆದರೆ ಮೊತ್ತ ಬರೆಯುವ ಮೊದಲು ಅಮ್ಮನಿಗೆ ಏನು ಬೇಕೆಂದು ಕೇಳಿ ಬರೆಯಿರಿ.

– ವಿದ್ಯಾರ್ಥಿನಿ, ಪ್ರಥಮ ಪಿಯುಸಿ, ವಾಣಿಜ್ಯ ವಿಭಾಗ