ಹಳದಿ ಮೂಲೆಯ ಚಾನ್ಸ್ ಕಾರ್ಡು

ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ತಿದ್ದು ಆಕಾಶಬುಟ್ಟಿ ಹುಡುಕೋಕೆ. ಸಿಕ್ಕಿದ್ದು ನಮ್ಮ ಹಳೇ ಬಿಸ್ನೆಸ್ ಡಬ್ಬಿ!

ಸಾಗರದ ಕಡೆ ಮಳೆ ಹೇಗೆ ಅಂತ ಗೊತ್ತಲ್ಲ? ಗೋಡೆಯೇ ಬೆವರೋ ಊರಲ್ಲಿ ರಟ್ಟಿನ ಗತಿ ಕೇಳಬೇಕೆ... ಬೋರ್ಡು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಮಡಿಕೆಯಲ್ಲಿ ಬಿರುಕು. ನೋಟುಗಳ ಅಂಚನ್ನು ಬೆಳ್ಳಿಮೀನು ಹುಳ ತಿಂದಿತ್ತು. ಆದರೂ ಅಕ್ಕನ ಮಗಳು ಬಿಡಲಿಲ್ಲ. "ಮಾವ, ಈಗ್ಲೇ ಆಡೋಣ" ಅಂತ ಜಗಲಿಯಲ್ಲಿ ಹರವಿಕೊಂಡು ಕೂತಳು. ಅಕ್ಕನೂ ಬಂದಳು.

ಅರ್ಧ ಗಂಟೆ ಆಗಿರಬೇಕು. ಹುಡುಗಿ ಚಾನ್ಸ್ ಕಟ್ಟಿನ ಕಡೆ ಬೆರಳು ತೋರಿಸಿ ಅಂದಳು: "ಅಮ್ಮಾ, ಮೂಲೇಲಿ ಹಳದಿ ಕಲೆ ಇದೆಯಲ್ಲ, ಅದು ಜೈಲು ಕಾರ್ಡು. ಮೇಲೆ ಬಂದಾಗ ಮಾವ ಅದರ ಕೆಳಗಿಂದು ಎಳ್ಕೋತಾನೆ!"

ನನ್ನ ಕೈ ಅಲ್ಲೇ ನಿಂತಿತು. ನಿಜ ಹೇಳ್ತೀನಿ, ಆವತ್ತು ಬೇಕಂತ ಮಾಡಿದ್ದಲ್ಲ. ಕೈಗೆ ಹಳೇ ಅಭ್ಯಾಸ ನೆನಪಿತ್ತು, ಅಷ್ಟೇ.

ಕಥೆ ಹೀಗೆ. ಕೆಲವು ಬಿಸ್ನೆಸ್ ಸೆಟ್ಟುಗಳಲ್ಲಿ ದಾಳದ ಸಂಖ್ಯೆ ನೋಡಿ ಚಾನ್ಸ್ ಫಲ ಹೇಳ್ತಾರೆ, ನಮ್ಮದರಲ್ಲಿ ಕಾರ್ಡುಗಳಿದ್ದವು. ನಾನು ಐದನೇ ಕ್ಲಾಸಲ್ಲಿದ್ದಾಗ ಜೈಲು ಕಾರ್ಡಿನ ಮೂಲೆ ಹರೀತು. ಸೆಲ್ಲೋ ಟೇಪ್ ಅಂಟಿಸಿದೆ. ಕಾರ್ಡು ಉಳೀತು, ಆದರೆ ಬೆನ್ನ ಮೇಲೆ ಹೊಳೆಯೋ ಗುರುತು ಬಂತು. ಆ ಬೇಸಿಗೆ ಪೂರ್ತಿ ನಾನು ಆ ಕಾರ್ಡು ತಪ್ಪಿಸಿಕೊಂಡೆ, ಅದು ಅಕ್ಕನ ಪಾಲಾಯಿತು. ಸೋತವರು ಬಾವಿಯಿಂದ ನೀರು ಸೇದಬೇಕು ಅನ್ನೋದು ನಮ್ಮ ಪಂದ್ಯ.

ಅಕ್ಕ ನಕ್ಕಳು. ಆಮೇಲೆ ತನ್ನ ಅಂಗೈ ಒಂದು ಸಲ ನೋಡಿಕೊಂಡು "ಅದಕ್ಕೇನಾ ಮಾರಾಯ, ಆ ವರ್ಷ ನನ್ನ ಕೈಯೆಲ್ಲ ಬೊಬ್ಬೆ..." ಅಂದಳು. ಆ ನಗು ಪೂರ್ತಿ ನಗು ಆಗಿರಲಿಲ್ಲ.

ಡಬ್ಬಿಯನ್ನು ಬೆಂಗಳೂರಿಗೆ ತಂದೆ. ನಾಲ್ಕು ಭಾನುವಾರ ಅದರದ್ದೇ ಕೆಲಸ. ಕಲಿತದ್ದನ್ನು ಹೇಳಿಬಿಡ್ತೀನಿ, ನಿಮ್ಮನೆ ಅಟ್ಟದಲ್ಲೂ ಇಂಥದ್ದೊಂದು ಇರಬಹುದು.

ಮೊದಲನೇದು, ಸೆಲ್ಲೋ ಟೇಪ್ ಬೇಡವೇ ಬೇಡ. ವರ್ಷ ಕಳೆದ ಹಾಗೆ ಅದರ ಅಂಟು ಕಾಗದದೊಳಗೆ ಇಳಿದು ಹಳದಿಯಾಗುತ್ತೆ. ಪ್ಲಾಸ್ಟಿಕ್ ಉದುರಿ ಹೋದರೂ ಕಲೆ ಹೋಗಲ್ಲ. ಲ್ಯಾಮಿನೇಷನ್ನೂ ಅಷ್ಟೇ, ಒಮ್ಮೆ ಮಾಡಿದರೆ ಬಿಡಿಸೋಕೆ ಬರಲ್ಲ. ಹಳೇ ಕಾಗದಪತ್ರ ಕಾಪಾಡುವವರು ಆದಷ್ಟೂ ಆಮೇಲೆ ಬಿಡಿಸಬಹುದಾದ ರಿಪೇರಿಯನ್ನೇ ಮಾಡ್ತಾರೆ. ಅದಕ್ಕೇ ಗೋಧಿ ಪಿಷ್ಟದ ಅಂಟು, ತೆಳು ಕಾಗದ ಬಳಸ್ತಾರೆ.

ರಟ್ಟು ಅಂದರೆ ಪದರ ಪದರ. ತೇವ ನುಗ್ಗೋದು ಕತ್ತರಿಸಿದ ಅಂಚಿನಿಂದ. ಪದರ ಬಿಟ್ಟ ಬಿಲ್ಲೆಗಳಿಗೆ ನೀರು ಬೆರೆಸಿದ ಫೆವಿಕಾಲನ್ನು ಹಲ್ಲುಕಡ್ಡಿಯಲ್ಲಿ ಒಂಚೂರು ಒಳಗೆ ಸವರಿ, ಎರಡು ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಟ್ಟೆ. (ಇದನ್ನು ಬಿಡಿಸೋಕೆ ಬರಲ್ಲ, ಒಪ್ಪಿದೆ. ಆದರೆ ಪದರ ಪೂರ್ತಿ ಕಳಚಿದರೆ ಬಿಲ್ಲೆಯೇ ಇರಲ್ಲ.) ಬೋರ್ಡಿನ ಮಡಿಕೆಗೆ ಹಿಂಬದಿಯಿಂದ ಬೈಂಡಿಂಗ್ ಬಟ್ಟೆ ಪಟ್ಟಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಅದನ್ನು ಆಗಾಗ ಬದಲಾಯಿಸಬೇಕು. ಡಬ್ಬಿ ಮುಚ್ಚೋ ಮುಂಚೆ ರಟ್ಟು ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ತೇವವನ್ನೇ ಕಟ್ಟಿಟ್ಟ ಹಾಗೆ.

ಕಾರ್ಡುಗಳಿಗೆ ಪಾಲಿಪ್ರೊಪಿಲೀನ್ ಕವರು. ಪಿವಿಸಿ ಬೇಡ, ಅದು ಕಾಲಕ್ರಮೇಣ ಮುದ್ರಣಕ್ಕೆ ಅಂಟಿಕೊಳ್ಳಬಹುದು. ಕಾರ್ಡನ್ನು ಮಿಲಿಮೀಟರಿನಲ್ಲಿ ಅಳೆದೇ ಕೊಳ್ಳಿ, ಸಡಿಲವಾದರೆ ಒಳಗೇ ಜಾರಾಡುತ್ತೆ.

ಕವರು ತರೋಕೆ ಹೋದಾಗ ಅರ್ಥವಾದ ಮಾತೊಂದಿದೆ. ಚೌಕಾಬಾರದ ಕಾಯಿ ಸವೆದರೆ ಆಟಕ್ಕೇನೂ ಆಗಲ್ಲ. ಬೆನ್ನು ಮೇಲೆ ಮಾಡಿ ಇಡೋ ಕಾರ್ಡಿನ ಕಥೆ ಬೇರೆ: ಒಂದಕ್ಕೇ ಗುರುತು ಬಿದ್ದರೂ ಆಟ ಸುಳ್ಳಾಗುತ್ತೆ. 2000ರಲ್ಲಿ ಬಂದ ಕಾರ್ಕಾಸೋನ್ ಅನ್ನೋ ಆಟದಲ್ಲಿ 72 ರಟ್ಟಿನ ಚೌಕಗಳು. ಅವನ್ನು ಚೀಲದಲ್ಲಿ ಹಾಕಿಕೊಂಡು ನೋಡದೆ ತೆಗೆಯುವವರೂ ಇದ್ದಾರೆ. ಅಲ್ಲಿ ಒಂದರ ಮೂಲೆ ಜಜ್ಜಿ ಹೋದರೆ ಬೆರಳಿಗೇ ಗೊತ್ತಾಗುತ್ತೆ. ಹಾಗಾಗಿ ಹಿಂಬದಿ ಪೂರ್ತಿ ಕಪ್ಪಗಿರೋ ಕವರನ್ನೇ ತಂದೆ. ಹರಿದದ್ದಕ್ಕೆ ಮಾತ್ರ ಅಲ್ಲ, ಕಟ್ಟಿನ ಎಲ್ಲಾ ಕಾರ್ಡಿಗೂ. ಒಂದಕ್ಕೇ ಹಾಕಿದರೆ ಕವರೇ ಗುರುತಾಗುತ್ತಲ್ಲ! ಆ ಹಳದಿ ಕಲೆ ಒಳಗೆ ಇದೆ. ತೆಗೆಯೋಕೆ ಹೋಗಲಿಲ್ಲ.

ಸಂಕ್ರಾಂತಿಗೆ ಡಬ್ಬಿ ಹೊತ್ತು ಊರಿಗೆ ಹೋದೆ. ಅಕ್ಕ ಕವರು ಹಾಕಿದ ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. "ಕಲೆಸೋದು ನಾನು" ಅಂದಳು. ಸರಿ ಅಂದೆ.

ಎರಡನೇ ಸುತ್ತಲ್ಲೇ ನಾನು ಚಾನ್ಸ್ ಮನೆಗೆ ಬಂದೆ. ಮೇಲಿನ ಕಾರ್ಡು ಯಾವುದು ಅಂತ ನಿಜಕ್ಕೂ ಗೊತ್ತಿರಲಿಲ್ಲ. ತೆಗೆದೆ... ಜೈಲು!

ಹುಡುಗಿ ಕುಣಿದಳು. ಅಕ್ಕ ಈ ಸಲ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ಬಾವಿಗೆ ಈಗ ಪಂಪು ಬಂದಿದೆ. ಸೋತಿದ್ದಕ್ಕೆ ಹಬ್ಬದ ಪಾತ್ರೆಯೆಲ್ಲ ನಾನೇ ತೊಳೆದೆ.

ನಿಮ್ಮನೆ ಡಬ್ಬಿಯಲ್ಲಿ ಗುರುತು ಬಿದ್ದಿರೋ ಕಾರ್ಡು ಯಾವುದು? ನಿಮಗೆ ಗೊತ್ತೇ ಇರುತ್ತೆ, ಸುಮ್ಮನೆ ಒಪ್ಕೊಂಡುಬಿಡಿ :)