ನಾನು ಅರ್ಧವೇ ಬರೆದ ಮೌಶಿ

ತೊಂಬತ್ತರ ಹೊಸ್ತಿಲಲ್ಲಿ ಮೌಶಿ, ಅಂದರೆ ನನ್ನ ಅಮ್ಮನ ಸಹೋದರಿ, ತೀರಿಕೊಂಡಾಗ ಅವಳ ಬಗ್ಗೆ ನಾಲ್ಕು ಮಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೇ ಸಲ ಕೂತು ಮುಗಿಸಿದೆ. ಮದುವೆಯಾಗದೆ ಉಳಿದು ತಮ್ಮಂದಿರನ್ನು ಓದಿಸಿದವಳು. ಸಂಜೆಯ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ತಪ್ಪಿಸದವಳು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿಯಮ್ಮನ ಜನ್ಮದಿನದ ತೆನೆ ಹಬ್ಬಕ್ಕೆ, ರಜೆ ಸಿಗದ ವರ್ಷ ಹೊಸ ಭತ್ತದ ತೆನೆಯನ್ನು ಮಂಗಳೂರಿನಿಂದ ಅಂಚೆಯಲ್ಲಿ ತರಿಸಿಕೊಂಡವಳು. ಕೊನೆಗೆ, ವಿಶ್ವಾಸದ ವಿಷಯದಲ್ಲಿ ಒಂದು ದಿನವೂ ರಾಜಿಯಾಗದವಳು. ಬೀದರ್ ಜಿಲ್ಲೆಯಲ್ಲಿ ಅವಳು ಮಾಡಿದ ಸರ್ಕಾರಿ ನೌಕರಿಗೆ ಕೊಟ್ಟದ್ದು 'ಬಡವರ ಸೇವೆ ಮಾಡಿದರು' ಎಂಬ ಒಂದು ವಾಕ್ಯ.

ತಿಂಗಳ ಪೂಜೆಯಂದು ಇಗರ್ಜಿಯಲ್ಲಿ ಓದಿದೆ. ಜನ ಕಣ್ಣೊರೆಸಿಕೊಂಡರು. ಹುಮನಾಬಾದಿನಿಂದ ಮಗನ ಜೊತೆ ಬಂದಿದ್ದ ಅವಳ ಹಳೆಯ ಸಹೋದ್ಯೋಗಿ ಮಾತ್ರ ಊಟದ ಹೊತ್ತಿಗೆ ಹತ್ತಿರ ಬಂದು, "ಛಲೋ ಬರ್ದೀರಿ. ಆದ್ರ ಅದ್ರಾಗ ನಮ್ ಬಾಯಿ ಸಿಗಲಿಲ್ರೀ" ಅಂದರು. ಅಲ್ಲಿಯವರಿಗೆ ಮೌಶಿ 'ಬಾಯಿ'.

ಆ ಮಾತು ಚುಚ್ಚಿತು, ಯಾಕೆಂದರೆ ಅದಕ್ಕೆ ಕಾರಣ ನನಗೆ ಗೊತ್ತಿತ್ತು.

ಮೌಶಿ ಎಎನ್‌ಎಂ, ಅಂದರೆ ಹಳ್ಳಿಗಳ ಸೂಲಗಿತ್ತಿ ನರ್ಸು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ಆ ಕಡೆಗೆ ನೌಕರಿಗೆ ಹೋದವಳು. ಬಹುಕಾಲ ಇದ್ದದ್ದು ರಾಜೇಶ್ವರದಲ್ಲಿ, ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವ ಹೈದರಾಬಾದ್–ಪುಣೆ ಹೆದ್ದಾರಿಯ ಊರು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳುವ ಆ ಸೀಮೆಯಲ್ಲಿ ಹೆರಿಗೆ, ಸಿಡುಬಿನ ಲಸಿಕೆ, ಬಾಣಂತಿಯ ಆರೈಕೆ ಎಲ್ಲ ಅವಳದೇ. ಇವುಗಳ ಜೊತೆಗೆ ದಂಪತಿಗಳ ರಿಜಿಸ್ಟರು, ಕುಟುಂಬ ಯೋಜನೆಯ ಟಾರ್ಗೆಟ್ಟು.

ತೊಡಕು ಇದ್ದದ್ದು ಅಲ್ಲೇ. 1968ರಲ್ಲಿ ಪೋಪ್ ಆರನೇ ಪೌಲರು 'ಹುಮಾನೆ ವೀಟೆ' ಎಂಬ ವಿಶ್ವಪತ್ರ ಹೊರಡಿಸಿ ಗರ್ಭನಿರೋಧಕಗಳನ್ನೂ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ನಿಷೇಧಿಸಿದರು. ದಿನ ನೋಡಿಕೊಂಡು ನಡೆಯುವ ಕ್ರಮಕ್ಕಷ್ಟೇ ಸಮ್ಮತಿ. ಇತ್ತ ಸರ್ಕಾರಕ್ಕೆ ಬೇಕಾದದ್ದು ಆಪರೇಷನ್ನಿನ ಲೆಕ್ಕ. ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ ನಡೆದದ್ದು 80 ಲಕ್ಷಕ್ಕೂ ಮೀರಿದ ಆಪರೇಷನ್‌ಗಳು. ಆಮೇಲೂ 1996ರವರೆಗೆ ಟಾರ್ಗೆಟ್ಟು ಹೋಗಲಿಲ್ಲ. ಅವಳ ಸರ್ವೀಸು ಬಹುಪಾಲು ಕಳೆದದ್ದು ಈ ಇಕ್ಕಟ್ಟಿನಲ್ಲೇ.

ಕಾಲೇಜಿನಲ್ಲಿದ್ದಾಗ ಆ ವಿಶ್ವಪತ್ರದ ಬಗ್ಗೆ ಓದಿಕೊಂಡ ನಾನು, ಅವಳು ರಜೆಗೆ ಬಂದ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಕೇಳಿದ್ದೆ: "ಪೋಪ್ ಬೇಡ ಅಂದದ್ದನ್ನು ಸರ್ಕಾರ ಮಾಡು ಅಂದರೆ, ಮೌಶಿ, ನೀನು ಯಾರ ಕಡೆ?" ಸೋದರಮಾವಂದಿರು ನಕ್ಕರು. ನನಗೆ ಬೇಕಾಗಿದ್ದದ್ದೂ ಆ ನಗುವೇ. "ನೀನು ತಿಳ್ಕೊಳ್ಳಲಿಕ್ಕೆ ಕೇಳುತ್ತಿಲ್ಲ" ಅಂದು ಅವಳು ಕೈ ತೊಳೆಯಲು ಎದ್ದಳು. ಆಮೇಲೆ ಅವಳು ನಿವೃತ್ತಳಾಗಿ ಮಂಗಳೂರಿಗೆ ಬಂದು ದಶಕಗಳೇ ಉರುಳಿದರೂ ಸರಿಯಾಗಿ ಕೇಳುವ ಧೈರ್ಯವಾಗಲಿಲ್ಲ. ಬರೆಯಲು ಕೂತಾಗ ಆ ಖಾಲಿ ಜಾಗದಲ್ಲಿ 'ರಾಜಿಯಾಗದವಳು' ಎಂಬ ಪದ ತುರುಕಿದೆ.

ಕೊನೆಗೆ ರಾಜೇಶ್ವರಕ್ಕೆ ಹೋದೆ. ಸಹೋದ್ಯೋಗಿಯೇ ಕರೆದುಕೊಂಡು ಹೋದರು. ಒಬ್ಬ ಮುದುಕಿ ಹೇಳಿದ್ದು: ಆರು ಹೆತ್ತು ಮೈ ಸೋತಿತ್ತು, ಇನ್ನೊಂದಾದರೆ ಸಾಯುತ್ತಿದ್ದೆ, ಬಾಯಿಯೇ ಬಸ್ಸು ಹತ್ತಿಸಿ ಆಪರೇಷನ್ ಕ್ಯಾಂಪಿಗೆ ಕರೆದೊಯ್ದು ರಾತ್ರಿಯೆಲ್ಲ ಪಕ್ಕದಲ್ಲಿ ಕೂತಳು. ಪಕ್ಕದ ಓಣಿಯ ಮುದುಕಿಯ ಕತೆ ಬೇರೆ: "ಗಂಡ ರೊಕ್ಕದ ಆಸಿಗಿ ಆಪರೇಷನ್ ಮಾಡ್ಸು ಅಂದ. ನಾ ಒಲ್ಲೆ ಅಂದೆ. ಒಲ್ಲೆ ಅಂತಾಳ ಅಂತ ಬಾಯಿ ಬರಕೊಂಡು ಹೋದ್ಳು. ಆ ಸಲ ಆಕಿ ಪಗಾರ ನಿಂತಿತ್ತು."

ಪೋಪರ ಮಾತನ್ನೂ ಮೀರಿದಳು, ಸರ್ಕಾರದ ಮಾತನ್ನೂ ಮೀರಿದಳು ಅಂದುಕೊಂಡೆ. ನನ್ನೊಳಗಿನ ಬರಹಗಾರನಿಗೆ ಖುಷಿಯೂ ಆಯಿತು, ಹೊಸ ಶ್ರದ್ಧಾಂಜಲಿ ಸಿಕ್ಕಿತಲ್ಲ ಎಂದು. ವಾಪಸು ಬರುವಾಗ ಸಹೋದ್ಯೋಗಿ ಅದನ್ನೂ ತಡೆದರು. ಅವರು ಮೆಥಡಿಸ್ಟರು, ಆ ಕಡೆಯ ಕ್ರೈಸ್ತರಲ್ಲಿ ಬಹಳ ಮಂದಿಯಂತೆ. ಒಮ್ಮೊಮ್ಮೆ ಮೌಶಿಯ ಜೊತೆ ದೂರದ ಕಥೋಲಿಕ ಇಗರ್ಜಿಗೂ ಹೋಗುತ್ತಿದ್ದರಂತೆ. "ಕ್ಯಾಂಪಿಗೆ ಯಾರನ್ನಾರ ಕರ್ಕೊಂಡು ಹೋದ ವಾರ, ಬಾಯಿ ಪೂಜಿಗ ಬರ್ತಿದ್ರು, ಕಮ್ಯೂನಿಯನ್ ತಗೋತಿರಲಿಲ್ಲ. ಎಲ್ಲರೂ ಎದ್ದು ಹೋದ್ರೂ ತಾವೊಬ್ರೇ ಬೆಂಚಿನ್ಯಾಗ ಕೂಡ್ತಿದ್ರು."

ಮೀರುವುದು ಅವಳಿಗೆ ಹಗುರವಾಗಿರಲಿಲ್ಲ. ಧರ್ಮಸಭೆಯ ಕಟ್ಟಳೆ ತಪ್ಪೆಂದು ವಾದಿಸಲಿಲ್ಲ, ತನಗದು ಅನ್ವಯಿಸದು ಅನ್ನಲೂ ಇಲ್ಲ. ಆರು ಹೆತ್ತವಳ ಜೀವ ಉಳಿಸಿದ್ದರ ಬೆಲೆಯನ್ನು ತನ್ನ ಭಾನುವಾರದಲ್ಲಿ ಕಟ್ಟಿದಳು, ಒಲ್ಲೆ ಅಂದವಳ ಮಾತು ಉಳಿಸಿದ್ದರ ಬೆಲೆಯನ್ನು ಸಂಬಳದಲ್ಲಿ. ನೌಕರಿಯನ್ನು ಬಿಟ್ಟು ಅವಳ ಭಕ್ತಿಯನ್ನು ಬರೆಯಲು ಹೊರಟ ನನಗೆ ಎರಡೂ ದಕ್ಕಲಿಲ್ಲ.

ಇದರಿಂದ ಕಲಿತದ್ದನ್ನು ಬೇರೆಯವರಿಗೂ ಹೇಳುತ್ತಿದ್ದೇನೆ. ಮನೆಯ ಹಿರಿಯ ಹೆಂಗಸರನ್ನು 'ಆಗಿನ ಕಾಲ ಹೇಗಿತ್ತು' ಎಂದು ಕೇಳಬೇಡಿ, ಅದಕ್ಕೆ ಸಿದ್ಧ ಉತ್ತರ ಇರುತ್ತದೆ. ಮಾಡಿದ ಕೆಲಸದ ಬಗ್ಗೆ ಕೇಳಿ. ಸಂಬಳ ಎಷ್ಟಿತ್ತು, ಮೇಲಿನವರು ಹೇಳಿದ್ದರಲ್ಲಿ ಯಾವುದು ಮನಸ್ಸಿಗೆ ಒಪ್ಪಲಿಲ್ಲ, ಆಗ ಏನು ಮಾಡಿದಿರಿ ಎಂದು ಕೇಳಿ. ನಾಲ್ಕು ಜನರೆದುರು ಕೇಳಬೇಡಿ. ಕೇಳಿದ ಮೇಲೆ ಉತ್ತರ ಬರುವ ತನಕ ಸುಮ್ಮನಿರಿ.