ಮುಸುವನ ಹೊಟ್ಟೆಯ ಗುಟ್ಟು

ಬಾಶೆಟ್ಟಿಹಳ್ಳಿಯ ಮಕ್ಕಳಿಗೆ ಕೋತಿಯೆಂದರೆ ಘಾಟಿ ಸುಬ್ರಹ್ಮಣ್ಯದಲ್ಲೋ ನಂದಿಬೆಟ್ಟದಲ್ಲೋ ಕೈಯಲ್ಲಿನ ಬಾಳೆಹಣ್ಣು ಕಿತ್ತುಕೊಂಡು ಓಡುವ, ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಕೂದಲಿರುವ ಪ್ರಾಣಿ. ಕಿತ್ತದ್ದನ್ನು ಅದು ಕೆನ್ನೆಯ ಚೀಲಕ್ಕೆ ತುರುಕಿಕೊಂಡು, ಮರವೇರಿ ನಿಧಾನವಾಗಿ ತಿನ್ನುತ್ತದೆ.

ಶಾಲೆಯ ಪ್ರವಾಸದಲ್ಲಿ ಮೈಸೂರು, ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಹೋದರೆ ಬೇರೊಂದು ಕೋತಿ ಕಾಣುತ್ತದೆ. ಬೂದು ಮೈ, ಕಪ್ಪು ಮುಖ, ಮೈಗಿಂತ ಉದ್ದದ ಬಾಲ. ಅದೇ ಮುಸುವ, ಅಂದರೆ ಲಂಗೂರ್. ಇದಕ್ಕೆ ಕೆನ್ನೆಯ ಚೀಲವಿಲ್ಲ. ಇದರ ಗುಟ್ಟಿರುವುದು ಹೊಟ್ಟೆಯಲ್ಲಿ.

ಹಣ್ಣು, ಹೂ, ಬೀಜಗಳನ್ನು ತಿಂದರೂ ಮುಸುವನ ಮುಖ್ಯ ಆಹಾರ ಎಲೆ. ಎಲೆಯ ಸೆಲ್ಯುಲೋಸ್ ನಾರನ್ನು ಅರಗಿಸುವ ಕಿಣ್ವ ನಮ್ಮಲ್ಲಿಲ್ಲ, ಮುಸುವನಲ್ಲೂ ಇಲ್ಲ. ಆದರೆ ಅದರ ಜಠರದಲ್ಲಿ ಹಲವು ಕೋಣೆಗಳಿವೆ. ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳು, ಹಸುವಿನ ಹೊಟ್ಟೆಯಲ್ಲಿ ನಡೆಯುವಂತೆಯೇ, ನಾರನ್ನು ಹುದುಗಿಸಿ ಒಡೆಯುತ್ತವೆ. ಇದಕ್ಕೆ ಬಹಳ ಹೊತ್ತು ಬೇಕು. ಮುಸುವ ಗಂಟೆಗಟ್ಟಲೆ ಕೊಂಬೆಯ ಮೇಲೆ ಸುಮ್ಮನೆ ಕೂರುವುದು ಸೋಮಾರಿತನದಿಂದಲ್ಲ!

ಮುಸುವನ ದಾಯಾದಿಗಳು ಆಫ್ರಿಕದಲ್ಲಿವೆ. ಅವೇ ಕೊಲೊಬಸ್ ಕೋತಿಗಳು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ‘ಮೊಟಕಾದದ್ದು’ ಎಂಬ ಅರ್ಥ. ಅವುಗಳ ಹೆಬ್ಬೆರಳು ಬರೀ ಮೋಟು. ಕೀನ್ಯ, ಇಥಿಯೋಪಿಯಗಳ ಕಪ್ಪು ಕೊಲೊಬಸ್‌ಗೆ ಶಲ್ಯ ಹೊದ್ದಂತೆ ಬಿಳಿಯ ಕೂದಲು. ಅದರ ಮರಿ ಹುಟ್ಟುವಾಗ ಅಚ್ಚ ಬಿಳುಪು.

ಜಾಂಜಿಬಾರ್ ದ್ವೀಪದ ಕೆಂಪು ಕೊಲೊಬಸ್‌ನದು ಇನ್ನೂ ಸೋಜಿಗ. ಅಲ್ಲಿನ ತೋಟಗಳಲ್ಲಿ ಅದು ನಮ್ಮ ಕಡೆಯಿಂದ ಹೋದ ಮಾವಿನ ಎಲೆಗಳನ್ನು ತಿನ್ನುತ್ತದೆ. ಅವುಗಳಲ್ಲಿ ಜೀರ್ಣಕ್ರಿಯೆಗೆ ಅಡ್ಡಿಮಾಡುವ ಫೀನಾಲಿಕ್ ವಸ್ತುಗಳಿವೆ. ಅದಕ್ಕೇ ಇರಬೇಕು, ಈ ಕೋತಿಗಳು ಇದ್ದಿಲನ್ನೂ ಹುಡುಕಿ ತಿನ್ನುತ್ತವೆ. ಇದ್ದಿಲು ಅಂಥ ವಸ್ತುಗಳನ್ನು ಹೀರಿಕೊಳ್ಳುತ್ತದೆಂದು 1997ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಆದರೆ ನಾವು ಬಸ್ಸಿನ ಕಿಟಕಿಯಿಂದ ಎಸೆಯುವ ಬಿಸ್ಕತ್ತು, ಬ್ರೆಡ್ಡಿಗೆ ಕಾಡಿನಲ್ಲಿ ಮದ್ದಿಲ್ಲ. ಸಕ್ಕರೆ, ಪಿಷ್ಟ ಹೆಚ್ಚಾಗಿರುವ ತಿಂಡಿ ಆ ಜಠರದಲ್ಲಿ ಬೇಗನೆ ಹುದುಗಿ ಆಮ್ಲ ಹೆಚ್ಚಿಸುತ್ತದೆ. ಎಲೆ ಅರಗಿಸುವ ಬ್ಯಾಕ್ಟೀರಿಯಗಳ ಸಮತೋಲವೇ ಕೆಡುತ್ತದೆ. ತಿಂಡಿಯಾಸೆಗೆ ರಸ್ತೆಗಿಳಿದ ಮುಸುವ ವಾಹನಕ್ಕೂ ಸಿಕ್ಕೀತು. ಹನುಮನ ಬಳಗವೆಂಬ ಭಕ್ತಿಯಿಂದ ಕೊಟ್ಟರೂ ಫಲ ಅದೇ. ತಂದೆತಾಯಿಗಳು ಇದನ್ನು ಹೊರಡುವ ಮುನ್ನವೇ ಮಕ್ಕಳಿಗೆ ತಿಳಿಹೇಳಬೇಕು.

ಬಂಡೀಪುರದಲ್ಲಿ ನೋಡಬೇಕಾದ್ದು ಬೇರೆಯೇ ಇದೆ. ಮುಸುವಗಳು ಮೇಯುವ ಮರದ ಕೆಳಗೆ ಹಲವು ವೇಳೆ ಜಿಂಕೆಗಳು ಸೇರಿರುತ್ತವೆ. ಮೇಲಿಂದ ಬಿದ್ದ ಎಲೆ, ಹಣ್ಣು ಅವುಗಳ ಪಾಲು. ಹುಲಿಯೋ ಚಿರತೆಯೋ ಕಂಡರೆ ಮುಸುವ ಮೇಲಿಂದಲೇ ಕೂಗಿ ಎಚ್ಚರಿಸುತ್ತದೆ. ಆ ಕೂಟ ತನ್ನಷ್ಟಕ್ಕೆ ಚೆನ್ನಾಗಿಯೇ ನಡೆಯುತ್ತಿದೆ. ನಮ್ಮ ಬಿಸ್ಕತ್ತು ಅದಕ್ಕೆ ಬೇಕಿಲ್ಲ.